ನವೆಂಬರ್ ಒಂದು: ನಾಡು ಕೂಡಿದ ದಿನ, ಹೆಸರು ಬಂದ ದಿನ

ಪ್ರತಿ ವರ್ಷ ನವೆಂಬರ್ ತಿಂಗಳ ಮೊದಲ ದಿನ ನಮ್ಮ ಊರೂರುಗಳಲ್ಲಿ ಅರಿಸಿನ-ಕುಂಕುಮ ವರ್ಣದ ಬಾವುಟ ಹಾರುತ್ತದೆ. ಶಾಲೆಯ ಮಕ್ಕಳು ಪ್ರಭಾತಫೇರಿ ಹೊರಡುತ್ತಾರೆ. ತಾಯಿ ಭುವನೇಶ್ವರಿಯ ಭಾವಚಿತ್ರದ ಮೆರವಣಿಗೆ ನಡೆಯುತ್ತದೆ. ಭಾಷಣಗಳಾಗುತ್ತವೆ, ಸಿಹಿ ಹಂಚಲಾಗುತ್ತದೆ. ಮಧ್ಯಾಹ್ನವಾಗುವಷ್ಟರಲ್ಲಿ ಎಲ್ಲವೂ ಮುಗಿದು ಮಕ್ಕಳು ಮನೆಗೆ ಬರುತ್ತಾರೆ. ಆಗ ಯಾವುದಾದರೂ ಒಂದು ಮಗು, "ಅಜ್ಜಾ, ಈ ಹಬ್ಬ ಇದೇ ದಿನ ಏಕೆ?" ಎಂದು ಕೇಳಿದರೆ ಮನೆಯ ಹಿರಿಯರು ಏನು ಉತ್ತರ ಕೊಡಬೇಕು?

"1956ರಲ್ಲಿ ಈ ದಿನ ನಮ್ಮ ರಾಜ್ಯ ಹುಟ್ಟಿತು" ಎಂದು ನಾವು ಹೇಳುತ್ತೇವೆ. ಅದು ಸತ್ಯವೇ ಸರಿ. ಆದರೆ ಪೂರ್ಣ ಸತ್ಯವಲ್ಲ. ಇದೇ ತಾರೀಖಿನಂದು ಕನ್ನಡ ನಾಡಿನ ಚರಿತ್ರೆಯಲ್ಲಿ ಮೂರು ಮಹತ್ವದ ಸಂಗತಿಗಳು ನಡೆದಿವೆ. 1956ರಲ್ಲಿ ನಾಡು ಕೂಡಿತು. 1973ರಲ್ಲಿ ಕೂಡಿದ ನಾಡಿಗೆ ಅದರ ನಿಜನಾಮ ದೊರೆಯಿತು. 2014ರಲ್ಲಿ ನಾಡಿನ ಹನ್ನೆರಡು ಊರುಗಳಿಗೆ ಅವುಗಳ ಕನ್ನಡ ಹೆಸರು ಮರಳಿ ಬಂದಿತು. ಈ ಮೂರು ಸಂಗತಿಗಳನ್ನು ಒಟ್ಟಾಗಿಟ್ಟು ನೋಡಿದಾಗ ಒಂದು ಮಾತು ಮನಸ್ಸನ್ನು ತಟ್ಟುತ್ತದೆ. ಬಿತ್ತಿದವರಲ್ಲಿ ಅನೇಕರು ಬೆಳೆಯನ್ನು ಕಾಣಲಿಲ್ಲ, ಉಂಡವರು ನಾವು. ಆದ್ದರಿಂದ ನವೆಂಬರ್ ಒಂದು ಉತ್ಸವದ ದಿನವಾಗಿರುವಂತೆಯೇ ಋಣಸ್ಮರಣೆಯ ದಿನವೂ ಆಗಬೇಕು ಎಂಬುದು ಈ ಲೇಖನದ ಆಶಯ.

ಒಂದು ನಾಡು, ಹಲವು ದೊರೆತನ

ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂದು ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಸಾರುತ್ತದೆ. ಅಂಥ ನಾಡು 1799ರಲ್ಲಿ ಟಿಪ್ಪು ಸುಲ್ತಾನನ ಪತನದ ಬಳಿಕ, ಮತ್ತು ಅನಂತರ ಪೇಶವೆಗಳ ಆಳಿಕೆ ಕೊನೆಗೊಂಡ ಮೇಲೆ, ತುಂಡುತುಂಡಾಗಿ ಹಂಚಿಹೋಯಿತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳು ಮುಂಬಯಿ ಪ್ರಾಂತಕ್ಕೆ ಸೇರಿದವು. ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲಗಳು ಮದರಾಸು ಪ್ರಾಂತಕ್ಕೆ ಸೇರಿದವು. ಬೀದರ, ಕಲಬುರ್ಗಿ, ರಾಯಚೂರುಗಳು ನಿಜಾಮನ ಅಧೀನದಲ್ಲಿದ್ದವು. ಮೈಸೂರು ಒಡೆಯರ ಸಂಸ್ಥಾನವೊಂದು, ಕೊಡಗು ಬೇರೊಂದು. ಇವುಗಳ ನಡುವೆ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಂಡೂರುಗಳಂಥ ಸಣ್ಣ ಸಂಸ್ಥಾನಗಳು.

ಈ ಒಡಕಿನ ಅರ್ಥವೇನೆಂಬುದನ್ನು ನಮ್ಮ ಓದುಗರು ಒಂದು ಉದಾಹರಣೆಯಿಂದ ಸುಲಭವಾಗಿ ತಿಳಿಯಬಹುದು. ಬಸವಣ್ಣನವರ ಬಾಗೇವಾಡಿ ಮತ್ತು ಕೂಡಲಸಂಗಮ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿದ್ದವು. ಅನುಭವ ಮಂಟಪದ ಕಲ್ಯಾಣ ನಿಜಾಮನ ರಾಜ್ಯದಲ್ಲಿತ್ತು. ಅಲ್ಲಮಪ್ರಭುಗಳ ಬಳ್ಳಿಗಾವೆ, ಅಕ್ಕಮಹಾದೇವಿಯ ಉಡುತಡಿ ಮೈಸೂರು ಸಂಸ್ಥಾನದಲ್ಲಿದ್ದವು. ಚೆನ್ನಬಸವಣ್ಣನವರ ಉಳವಿ ಮುಂಬಯಿ ಪ್ರಾಂತದ ಕಾಡಿನಲ್ಲಿ. ಮಲೆಯ ಮಾದಪ್ಪನ ಬೆಟ್ಟ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿ. ಶರಣರು ಒಂದೇ ಕನ್ನಡದಲ್ಲಿ ಮಾತನಾಡಿ, ಒಂದೇ ಕಲ್ಯಾಣದಲ್ಲಿ ಕೂಡಿದ್ದರು. ಅವರ ನೆಲೆಗಳನ್ನು ನೋಡಲು ಹೊರಟ ಭಕ್ತನಾದರೋ ನಾಲ್ಕು ಸರಕಾರಗಳ ಗಡಿಯನ್ನು ದಾಟಬೇಕಾಗಿತ್ತು.

ಭಾಷೆಯ ಪಾಡು ಇನ್ನೂ ಶೋಚನೀಯವಾಗಿತ್ತು. ನಿಜಾಮನ ರಾಜ್ಯದಲ್ಲಿ ಆಡಳಿತದ ಮತ್ತು ಶಿಕ್ಷಣದ ಭಾಷೆ ಉರ್ದು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೂ ಮಕ್ಕಳು ಮರಾಠಿ ಶಾಲೆಗೆ ಹೋಗಬೇಕಾಗಿತ್ತು. ಶಿಕ್ಷಣಾಧಿಕಾರಿಗಳಾಗಿದ್ದ ಡೆಪ್ಯೂಟಿ ಚನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಶಾಲೆಗಳನ್ನು ನಿಲ್ಲಿಸದೆ ಹೋಗಿದ್ದರೆ ಆ ಭಾಗದಲ್ಲಿ ಕನ್ನಡದ ಓದುಬರಹ ಏನಾಗುತ್ತಿತ್ತೋ ಊಹಿಸುವುದು ಕಷ್ಟ. ಅವರು 1881ರಲ್ಲಿ ಕಾಲವಾದರು. 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳ್ತನದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು. ಏಕೀಕರಣವೆಂಬ ವೃಕ್ಷದ ಬೇರುಗಳು ಇಲ್ಲಿವೆ.

ಒಂದೇ ತಿಂಗಳಲ್ಲಿ ಹುಟ್ಟಿದ ಇಬ್ಬರು

1880ರ ಜುಲೈ ತಿಂಗಳಲ್ಲಿ ಕನ್ನಡ ನಾಡಿನಲ್ಲಿ ಇಬ್ಬರು ಮಹನೀಯರು ಜನಿಸಿದರು. ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಫ. ಗು. ಹಳಕಟ್ಟಿಯವರು ವಿಜಾಪುರವನ್ನು ತಮ್ಮ ಕರ್ಮಭೂಮಿಯಾಗಿ ಆರಿಸಿಕೊಂಡರು. ಜುಲೈ 12ರಂದು ವಿಜಾಪುರದಲ್ಲಿ ಜನಿಸಿದ ಆಲೂರು ವೆಂಕಟರಾಯರು ಧಾರವಾಡವನ್ನು ತಮ್ಮ ಕರ್ಮಭೂಮಿಯಾಗಿ ಮಾಡಿಕೊಂಡರು. ಇಬ್ಬರೂ ವಕೀಲಿ ಓದಿದವರು. ಇಬ್ಬರೂ ಆ ವೃತ್ತಿಯಿಂದ ಬರಬಹುದಾಗಿದ್ದ ಸಂಪತ್ತನ್ನು ಹಿಂದಕ್ಕೆ ಸರಿಸಿದವರು. ಹಳಕಟ್ಟಿಯವರು ತಾಳೆಗರಿಗಳಲ್ಲಿ ಚದುರಿಹೋಗಿದ್ದ ವಚನಗಳನ್ನು ಕೂಡಿಸಲು ಬಾಳನ್ನು ಸವೆಸಿದರು. ಆಲೂರರು ಪ್ರಾಂತಗಳಲ್ಲಿ ಚದುರಿಹೋಗಿದ್ದ ಕನ್ನಡಿಗರನ್ನು ಕೂಡಿಸಲು ಬಾಳನ್ನು ಸವೆಸಿದರು. ಇಬ್ಬರೂ 1964ರಲ್ಲಿ, ನಾಲ್ಕು ತಿಂಗಳುಗಳ ಅಂತರದಲ್ಲಿ, ಇಹಲೋಕವನ್ನು ತ್ಯಜಿಸಿದರು.

ಆಲೂರರ 'ಕರ್ನಾಟಕ ಗತವೈಭವ' 1917ರಲ್ಲಿ ಪ್ರಕಟವಾಯಿತು. ಹಂಪೆಯ ಹಾಳು ನೆಲದಲ್ಲಿ ನಿಂತಾಗ ಉಂಟಾದ ವ್ಯಥೆಯೇ ಅವರನ್ನು ಈ ಕಾರ್ಯಕ್ಕೆ ತೊಡಗಿಸಿತೆಂಬುದು ಪ್ರಸಿದ್ಧವಾಗಿದೆ. ತನ್ನ ನಾಡಿನ ಹೆಸರನ್ನೇ ಮರೆತಿದ್ದ ಜನಕ್ಕೆ ಆ ಗ್ರಂಥ ಚಾಲುಕ್ಯ, ರಾಷ್ಟ್ರಕೂಟ, ವಿಜಯನಗರಗಳ ನೆನಪನ್ನು ತಂದುಕೊಟ್ಟಿತು. ಕನ್ನಡ ಕುಲಪುರೋಹಿತರೆಂದು ನಾಡು ಅವರನ್ನು ಕರೆದುದು ಸಾರ್ಥಕ.

1915ರಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿತು. 1920ರಲ್ಲಿ ಧಾರವಾಡದಲ್ಲಿ ನಡೆದ ಮೊದಲ ಕರ್ನಾಟಕ ರಾಜಕೀಯ ಪರಿಷತ್ತಿಗೆ ವಿ. ಪಿ. ಮಾಧವರಾಯರು ಅಧ್ಯಕ್ಷರಾಗಿದ್ದರು. ಅದೇ ವರ್ಷ ನಾಗಪುರದ ಕಾಂಗ್ರೆಸ್ ಅಧಿವೇಶನ ಭಾಷೆಯ ಆಧಾರದ ಮೇಲೆ ಪ್ರಾಂತ ಸಮಿತಿಗಳನ್ನು ರಚಿಸಲು ಒಪ್ಪಿದುದರಿಂದ ಕರ್ನಾಟಕಕ್ಕೆ ತನ್ನದೇ ಆದ ಕಾಂಗ್ರೆಸ್ ಸಮಿತಿ ದೊರೆಯಿತು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಮಹಾಧಿವೇಶನ ನಡೆದಾಗ, ಅದೇ ಊರಿನಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಪರಿಷತ್ತು ಸೇರಿತು. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಜನಮನವನ್ನು ಸೇರಿದುದು ಆ ಅಧಿವೇಶನದಲ್ಲಿಯೇ.

ಉಪವಾಸ ಮತ್ತು ಬಲಿದಾನ

ಸ್ವಾತಂತ್ರ್ಯ ಬಂದರೆ ಏಕೀಕರಣ ತಾನಾಗಿ ಬರುವುದೆಂದು ಕನ್ನಡಿಗರು ನಂಬಿದ್ದರು. ಹಾಗಾಗಲಿಲ್ಲ. ದೇಶ ಆಗತಾನೆ ಇಬ್ಭಾಗವಾಗಿದ್ದ ಆ ದಿನಗಳಲ್ಲಿ ಭಾಷಾವಾರು ರಾಜ್ಯಗಳಿಂದ ಇನ್ನಷ್ಟು ಒಡಕು ಉಂಟಾದೀತೆಂಬ ಭಯ ದಿಲ್ಲಿಯ ನಾಯಕರಲ್ಲಿತ್ತು. 1948ರ ಧರ್ ಆಯೋಗವೂ, ಅನಂತರ ನೆಹರೂ, ಪಟೇಲ, ಪಟ್ಟಾಭಿ ಸೀತಾರಾಮಯ್ಯನವರಿದ್ದ ಸಮಿತಿಯೂ ಈ ಬೇಡಿಕೆಯನ್ನು ಮುಂದಕ್ಕೆ ತಳ್ಳಿದವು.

ಆಂಧ್ರದಲ್ಲಿ ಪೊಟ್ಟಿ ಶ್ರೀರಾಮುಲು ಅವರು ಉಪವಾಸವಿದ್ದು 1952ರ ಡಿಸೆಂಬರ್ 15ರಂದು ಪ್ರಾಣಬಿಟ್ಟ ಮೇಲೆ ಪರಿಸ್ಥಿತಿ ಬದಲಾಯಿತು. ಆಂಧ್ರರಿಗೆ ಪ್ರತ್ಯೇಕ ರಾಜ್ಯ ದೊರೆಯಿತು. ಕನ್ನಡಿಗರಿಗೆ ಇಲ್ಲವೆಂಬ ವಾರ್ತೆ ಉತ್ತರ ಕರ್ನಾಟಕದ ಹಳ್ಳಿಹಳ್ಳಿಯನ್ನು ಕೆರಳಿಸಿತು. ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಮುಂಬಯಿ ಶಾಸನಸಭೆಯ ಸ್ಥಾನವನ್ನು ತೊರೆದು ತಮ್ಮ ಊರಿನಲ್ಲಿ ಉಪವಾಸ ಕುಳಿತರು. ಹುಬ್ಬಳ್ಳಿಯ ಸಮೀಪದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು 1953ರ ಮಾರ್ಚ್ 28ರಂದು ಆಮರಣ ಉಪವಾಸವನ್ನು ಆರಂಭಿಸಿದರು. ಒಂದು ದಿನವಲ್ಲ, ಎರಡು ದಿನವಲ್ಲ, ಇಪ್ಪತ್ತಮೂರು ದಿನ ಆ ಉಪವಾಸ ನಡೆಯಿತು. ಸುತ್ತಲಿನ ಹಳ್ಳಿಗಳ ಜನ ಅದರಗುಂಚಿಗೆ ಹರಿದುಬಂದರು. ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಪ್ರದೇಶ ಕಾಂಗ್ರೆಸ್ ಸಮಿತಿಯ ಸಭೆ ಸೇರಿದಾಗ ಜನರ ಸಹನೆಯ ಕಟ್ಟೆ ಒಡೆಯಿತು. ಆ ದಿನದ ಗಲಭೆಯನ್ನು ಯಾರೂ ಹೊಗಳಲಾರರು. ಆದರೆ ಏಕೀಕರಣವೆಂಬುದು ಸಾಹಿತಿಗಳ, ವಕೀಲರ ಮಾತಾಗಿ ಉಳಿದಿಲ್ಲ, ಅದು ಒಕ್ಕಲಿಗನ, ಕೂಲಿಕಾರನ ಬೇಡಿಕೆಯೂ ಆಗಿದೆ ಎಂಬುದನ್ನು ನಾಯಕರು ಅಂದು ಕಣ್ಣಾರೆ ಕಂಡರು.

ಬಳ್ಳಾರಿಯ ಕಥೆ ಇನ್ನೂ ಮನಕರಗಿಸುವಂಥದು. ಬಳ್ಳಾರಿ ಯಾರಿಗೆ ಸೇರಬೇಕೆಂಬ ವಿವಾದದಲ್ಲಿ ನ್ಯಾಯಮೂರ್ತಿ ಮಿಶ್ರಾ ಅವರ ವರದಿಯ ಮೇಲೆ ಏಳು ತಾಲೂಕುಗಳು ಮೈಸೂರಿಗೆ ಸೇರುವುದೆಂದು ನಿರ್ಣಯವಾಯಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. 1953ರ ಅಕ್ಟೋಬರ್ 1 ಸೇರ್ಪಡೆಯ ದಿನ. ಅದರ ಹಿಂದಿನ ರಾತ್ರಿ ಬಳ್ಳಾರಿಯಲ್ಲಿ ಸಮಾರಂಭದ ಚಪ್ಪರವನ್ನು ಕಾಯುವ ಹೊಣೆಯನ್ನು ಪೈಲವಾನ ರಂಜಾನ್ ಸಾಹೇಬರು ಹೊತ್ತಿದ್ದರು. ಅವರ ಮೇಲೆ ಆಸಿಡ್ ದಾಳಿ ನಡೆಯಿತು. ಅವರು ಬದುಕಿ ಉಳಿಯಲಿಲ್ಲ. ಕನ್ನಡದ ಚಪ್ಪರಕ್ಕೆ ಬೆಂಕಿ ಬೀಳದಿರಲೆಂದು ನಿದ್ದೆಗೆಟ್ಟು ಕುಳಿತ ಆ ಮುಸ್ಲಿಂ ಬಂಧುವಿನ ಹೆಸರನ್ನು ಎಷ್ಟು ರಾಜ್ಯೋತ್ಸವ ವೇದಿಕೆಗಳಲ್ಲಿ ನಾವು ಕೇಳಿದ್ದೇವೆ? ನಾಡು ಒಂದು ಜಾತಿಯಿಂದ, ಒಂದು ಮತದಿಂದ ಕೂಡಿದ್ದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

1956: ನಾಡು ಕೂಡಿತು

1953ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಹೃದಯನಾಥ ಕುಂಜ್ರು ಮತ್ತು ಕೆ. ಎಂ. ಪಣಿಕ್ಕರ್ ಅವರು ಅದರ ಸದಸ್ಯರು. 1955ರ ಸೆಪ್ಟೆಂಬರ್ 30ರಂದು ಆಯೋಗ ತನ್ನ ವರದಿಯನ್ನು ಒಪ್ಪಿಸಿ, ಕನ್ನಡಿಗರ ರಾಜ್ಯ ರಚನೆಗೆ ಸಮ್ಮತಿಸಿತು.

ಆದರೆ ಹಾದಿ ಇನ್ನೂ ನಿರಾಳವಾಗಿರಲಿಲ್ಲ. ಹಳೆಯ ಮೈಸೂರಿನಲ್ಲಿ ಅನೇಕರಿಗೆ ಅಳುಕಿತ್ತು. ಅಣೆಕಟ್ಟು, ವಿದ್ಯುತ್ತು, ಕಾರಖಾನೆ, ವಿಶ್ವವಿದ್ಯಾನಿಲಯಗಳಿಂದ ಮುಂದುವರಿದ ಸಂಸ್ಥಾನ ಅದು. ಬರಗಾಲದ ಸೀಮೆಗಳನ್ನು ಸೇರಿಸಿಕೊಂಡರೆ ಆ ಭಾರವನ್ನು ಹೊರುವವರಾರು ಎಂದು ಕೆಲವರು ಕೇಳಿದರು. ಅಧಿಕಾರ ಯಾರ ಕೈಗೆ ಹೋದೀತೆಂಬ ಲೆಕ್ಕವೂ ಕೆಲವರಿಗಿತ್ತು. ಎರಡು ಕನ್ನಡ ರಾಜ್ಯಗಳಾಗಲಿ ಎಂಬ ವಾದವೂ ಹುಟ್ಟಿತು. ಇಂಥ ಸಂದಿಗ್ಧದಲ್ಲಿ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಮ್ಮ ಭಾಗದ ಅನೇಕರ ವಿರೋಧವನ್ನು ಲೆಕ್ಕಿಸದೆ ಏಕೀಕರಣದ ಪರವಾಗಿ ನಿಂತರು. 1956ರ ಆಗಸ್ಟಿನಲ್ಲಿ ಅವರು ಅಧಿಕಾರದಿಂದ ಕೆಳಗಿಳಿಯಬೇಕಾಯಿತು. ಕಡಿದಾಳ್ ಮಂಜಪ್ಪನವರು ಉಳಿದ ಸುಮಾರು ಎರಡೂವರೆ ತಿಂಗಳು ಮುಖ್ಯಮಂತ್ರಿಯಾಗಿ ರಾಜ್ಯಭಾರವನ್ನು ಸಾಗಿಸಿ ಹೊಸ ರಾಜ್ಯಕ್ಕೆ ದಾರಿ ಬಿಟ್ಟುಕೊಟ್ಟರು.

1956ರ ನವೆಂಬರ್ 1, ಗುರುವಾರ. ಆ ವರ್ಷ ದೀಪಾವಳಿಯೂ ಅದೇ ದಿನಗಳಲ್ಲಿ ಬಂದಿತ್ತು. ಮನೆಮನೆಯ ಹಣತೆಗಳ ನಡುವೆ ಹೊಸ ರಾಜ್ಯ ಉದಯಿಸಿತು. ಬಳ್ಳಾರಿಯೂ ಸೇರಿ ಹತ್ತು ಜಿಲ್ಲೆಗಳಿದ್ದ ಮೈಸೂರು ರಾಜ್ಯಕ್ಕೆ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ, ದಕ್ಷಿಣ ಕನ್ನಡ, ಕಲಬುರ್ಗಿ, ರಾಯಚೂರು, ಬೀದರ, ಕೊಡಗು ಎಂಬ ಒಂಬತ್ತು ಜಿಲ್ಲೆಗಳು ಕೂಡಿ ಹತ್ತೊಂಬತ್ತಾದವು. ಕೊಳ್ಳೇಗಾಲ ತಾಲೂಕು ಕೊಯಮತ್ತೂರಿನಿಂದ ಬಂದು ಮೈಸೂರು ಜಿಲ್ಲೆಯನ್ನು ಸೇರಿತು. ಏಕೀಕರಣಕ್ಕಾಗಿ ದೀರ್ಘಕಾಲ ದುಡಿದಿದ್ದ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು. ಒಂದು ಕಾಲದ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರು ಪ್ರಜಾರಾಜ್ಯದ ರಾಜ್ಯಪಾಲರಾಗಿ ಆ ವಿಶಾಲ ರಾಜ್ಯದ ಸೇವೆಯನ್ನು ಒಪ್ಪಿಕೊಂಡರು. ಸಿಂಹಾಸನದ ಹಿರಿಮೆಯನ್ನು ಬದಿಗಿಟ್ಟ ಅವರ ಔದಾರ್ಯವನ್ನೂ ಈ ದಿನ ನೆನೆಯಬೇಕು.

ಆಲೂರು ವೆಂಕಟರಾಯರಿಗೆ ಆಗ ಎಪ್ಪತ್ತಾರು ವರ್ಷ. ನಾಡು ಕೂಡಿದ ಆನಂದದಲ್ಲಿ ಅವರು ಹಂಪೆಗೆ ಹೋಗಿ ವಿರೂಪಾಕ್ಷನ ಸನ್ನಿಧಿಯಲ್ಲಿ ಭುವನೇಶ್ವರಿಯನ್ನು ಪೂಜಿಸಿದರೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಯಾವ ನೆಲದಲ್ಲಿ ವ್ಯಥೆ ಹುಟ್ಟಿತ್ತೋ ಅದೇ ನೆಲದಲ್ಲಿ ಧನ್ಯತೆ.

ಕನ್ನಡಿಗರ ಜೊತೆಗೆ ಬೇರೆ ಬಂಧುಗಳ ಹುಟ್ಟುಹಬ್ಬವೂ ಅಂದೇ. ಕೇರಳ, ಆಂಧ್ರಪ್ರದೇಶ, ಮಧ್ಯಪ್ರದೇಶಗಳು 1956ರ ಅದೇ ದಿನ ರೂಪುಗೊಂಡವು. ಮುಂದೆ 1966ರ ನವೆಂಬರ್ 1ರಂದು ಹರಿಯಾಣ, 2000ದ ನವೆಂಬರ್ 1ರಂದು ಛತ್ತೀಸಗಢ ರಾಜ್ಯಗಳು ಹುಟ್ಟಿದವು.

ಹೊರಗುಳಿದವರು

ಮದುವೆಯ ಮನೆಯಲ್ಲಿ ಎಲ್ಲರೂ ನಗುತ್ತಿರುವಾಗ ಮೂಲೆಯಲ್ಲಿ ಒಬ್ಬರು ಕಣ್ಣೊರಸಿಕೊಳ್ಳುವುದುಂಟು. ಅಂದು ಹಾಗೆ ಕಣ್ಣೊರಸಿಕೊಂಡ ಊರುಗಳಿದ್ದವು. ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಬೆಳಗಾವಿ ಜಿಲ್ಲೆಯ ಚಂದಗಡ ಮುಂಬಯಿ ರಾಜ್ಯದಲ್ಲಿ ಉಳಿಯಿತು. ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರಗಳೂ ಮುಂಬಯಿಗೆ ಹೋದವು. ಕಲಬುರ್ಗಿಯ ಕೊಡಂಗಲ್, ತಾಂಡೂರು, ರಾಯಚೂರಿನ ಗದ್ವಾಲ, ಆಲಂಪುರಗಳು ಆಂಧ್ರಕ್ಕೆ ಸಂದವು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಮಡಕಶಿರಾ, ಹೊಸೂರು, ತಾಳವಾಡಿಗಳಲ್ಲಿ ಕನ್ನಡ ಮಾತನಾಡುವ ಮನೆಗಳು ಗಡಿಯ ಆಚೆಯೇ ಉಳಿದವು. ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಸೊನ್ನಲಿಗೆ ಇಂದು ಮಹಾರಾಷ್ಟ್ರದ ಸೊಲ್ಲಾಪುರವಾಗಿರುವುದನ್ನು ನಮ್ಮ ಮನೆತನಗಳಿಗೆ ಬೇರೆ ಹೇಳಬೇಕಾಗಿಲ್ಲ. ಅಲ್ಲಿಗೆ ಹೆಣ್ಣು ಕೊಟ್ಟವರು, ಅಲ್ಲಿಂದ ತಂದವರು ನಮ್ಮಲ್ಲಿ ಅನೇಕರಿದ್ದಾರೆ.

ಈ ವಿವಾದಗಳನ್ನು ಬಗೆಹರಿಸಲು 1966ರಲ್ಲಿ ನ್ಯಾಯಮೂರ್ತಿ ಮಹಾಜನರ ಆಯೋಗ ನೇಮಕವಾಯಿತು. 1967ರ ವರದಿಯಲ್ಲಿ ಆಯೋಗ ಬೆಳಗಾವಿ ನಗರ ಇಲ್ಲಿಯೇ ಉಳಿಯಬೇಕೆಂದಿತು. 264 ಹಳ್ಳಿಗಳು ಮಹಾರಾಷ್ಟ್ರಕ್ಕೆ ಹೋಗಬೇಕು, 247 ಹಳ್ಳಿಗಳು ಇತ್ತ ಬರಬೇಕು, ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಕನ್ನಡ ನಾಡಿಗೆ ಸೇರಬೇಕು ಎಂದಿತು. ವರದಿ ಕಪಾಟಿನಲ್ಲಿಯೇ ಉಳಿಯಿತು. 2004ರಲ್ಲಿ ಮಹಾರಾಷ್ಟ್ರ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿತು. ಬೆಳಗಾವಿಯಲ್ಲಿ ನವೆಂಬರ್ ಒಂದರಂದು ಒಂದು ಬೀದಿಯಲ್ಲಿ ರಾಜ್ಯೋತ್ಸವದ ಮೆರವಣಿಗೆ ಸಾಗುವಾಗ ಇನ್ನೊಂದು ಬೀದಿಯಲ್ಲಿ ಕರಾಳ ದಿನದ ಕಪ್ಪು ಪಟ್ಟಿ ಕಾಣಿಸಿಕೊಳ್ಳುತ್ತ ಬಂದಿರುವುದು ಈ ಗಾಯದ ಗುರುತು.

ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈಗಳು ಕವಿಯಾಗಿ, ಅಧ್ಯಾಪಕರಾಗಿ, ಕೃಷಿಕರಾಗಿ ಬಾಳಿದರು. ತಮ್ಮ ನೆಲ ಕನ್ನಡ ನಾಡಿಗೆ ಸೇರಬೇಕೆಂದು ಜೀವನವಿಡೀ ಹಂಬಲಿಸಿದರು. 1915ರಲ್ಲಿ ಹುಟ್ಟಿದ ಅವರು ನೂರು ವರ್ಷ ತುಂಬಿ 2015ರ ಆಗಸ್ಟಿನಲ್ಲಿ ಕಣ್ಣುಮುಚ್ಚಿದರು. ನೂರು ವರ್ಷದ ಆಯುಷ್ಯವೂ ಆ ಹಂಬಲದ ಪೂರೈಕೆಗೆ ಸಾಲಲಿಲ್ಲ.

1973: ಹೆಸರು ಬಂದಿತು

ನಾಡು ಕೂಡಿತು, ಆದರೆ ಅದರ ಹೆಸರು 'ಮೈಸೂರು ರಾಜ್ಯ' ಎಂದೇ ಉಳಿಯಿತು. ಬೀದರದ ರೈತನೂ, ಕಾರವಾರದ ಬೆಸ್ತನೂ, ಮಡಿಕೇರಿಯ ಬೆಳೆಗಾರನೂ ಮೈಸೂರಿನವರೆಂದು ಕರೆಸಿಕೊಳ್ಳಬೇಕಾಯಿತು. ಮೈಸೂರೆಂಬ ಹೆಸರಿಗೆ ದೇಶವಿದೇಶಗಳಲ್ಲಿ ಕೀರ್ತಿಯಿದೆ, ಅದನ್ನು ಏಕೆ ಬಿಡಬೇಕೆಂದು ಒಂದು ಪಕ್ಷ. ಇಡಿಯ ನಾಡಿಗೆ ಪುರಾತನವಾದ 'ಕರ್ನಾಟಕ' ಎಂಬ ಹೆಸರಿರುವಾಗ ಒಂದು ಭಾಗದ ಹೆಸರು ಎಲ್ಲರಿಗೂ ಏಕೆಂದು ಇನ್ನೊಂದು ಪಕ್ಷ. ಎರಡರಲ್ಲಿಯೂ ಪ್ರೀತಿಯಿತ್ತು, ಆದರೆ ನ್ಯಾಯ ಎರಡನೆಯದರ ಕಡೆಗಿತ್ತು. ಹೊಸ ರಾಜ್ಯವಾದ ಮರುವರ್ಷದಿಂದಲೇ ಅಂದಾನಪ್ಪ ದೊಡ್ಡಮೇಟಿಯವರು ಶಾಸನಸಭೆಯಲ್ಲಿ ಈ ಹೆಸರಿಗಾಗಿ ದನಿಯೆತ್ತಿದರು.

ಕೊನೆಗೆ 1972ರ ಜುಲೈನಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ಶಾಸನಸಭೆ ನಿರ್ಣಯವನ್ನು ಅಂಗೀಕರಿಸಿತು. ಸಂಸತ್ತು ಕಾನೂನನ್ನು ರಚಿಸಿತು. 1973ರ ನವೆಂಬರ್ 1ರಿಂದ ಈ ನಾಡು ಕರ್ನಾಟಕವಾಯಿತು. ಅರಸರು ಮೈಸೂರು ಜಿಲ್ಲೆಯ ಹುಣಸೂರಿನ ಪ್ರತಿನಿಧಿಗಳು, ಅರಸು ಮನೆತನದವರು. ತಮ್ಮದೇ ಸೀಮೆಯ ಹೆಸರನ್ನು ಇಡಿಯ ನಾಡಿನ ಹೆಸರಿಗಾಗಿ ಬಿಟ್ಟುಕೊಡುವ ಕೆಲಸ ಅವರ ಕೈಯಿಂದ ನಡೆದುದು ವಿಶೇಷ. ಇನ್ನೊಂದು ಸ್ವಾರಸ್ಯವಿದೆ: 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟಿದ್ದ ಅಮೀನ್‌ದಿವಿ ದ್ವೀಪಗಳನ್ನೊಳಗೊಂಡ ಕೇಂದ್ರಾಡಳಿತ ಪ್ರದೇಶಕ್ಕೆ 'ಲಕ್ಷದ್ವೀಪ' ಎಂಬ ಹೆಸರು ಬಂದುದೂ 1973ರ ನವೆಂಬರ್ 1ರಂದೇ.

ಆ ದಿನದ ನಾಮಕರಣೋತ್ಸವದಲ್ಲಿ ಇರಬೇಕಾಗಿದ್ದ ಕೆಲವರು ಇರಲಿಲ್ಲ. ನಾಡು ಕೂಡಿದುದನ್ನು ಕಂಡ ಆಲೂರರು ಹೆಸರು ಬಂದುದನ್ನು ಕಾಣಲಿಲ್ಲ; 1964ರಲ್ಲಿಯೇ ಅವರು ತೀರಿಕೊಂಡಿದ್ದರು. ನಾವೆಲ್ಲರೂ ಈಗ ಹಾರಿಸುವ ಅರಿಸಿನ-ಕುಂಕುಮದ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರು 1967ರಲ್ಲಿ ಬಾವಿಯ ಮಣ್ಣು ಕುಸಿದು ಮೃತರಾಗಿದ್ದರು. ದೊಡ್ಡಮೇಟಿಯವರು 1972ರಲ್ಲಿ, ಹೆಸರು ಬರುವ ಮುನ್ನವೇ, ಲಿಂಗೈಕ್ಯರಾಗಿದ್ದರು.

2014: ಊರುಗಳ ಹೆಸರು

ಆಂಗ್ಲರು ತಮ್ಮ ನಾಲಗೆಗೆ ಒಗ್ಗಿದಂತೆ ನಮ್ಮ ಊರುಗಳನ್ನು ಕರೆದರು. ಅವರು ಹೋದ ಮೇಲೂ ನಾವು ಇಂಗ್ಲಿಷಿನಲ್ಲಿ ಹಾಗೆಯೇ ಬರೆಯುತ್ತ ಬಂದೆವು. ರಾಜ್ಯಕ್ಕೆ ಐವತ್ತು ವರ್ಷ ತುಂಬುವ ಸಂದರ್ಭದಲ್ಲಿ, 2005ರಲ್ಲಿ, ಜ್ಞಾನಪೀಠ ಪುರಸ್ಕೃತರಾದ ಯು. ಆರ್. ಅನಂತಮೂರ್ತಿಯವರು ಬ್ಯಾಂಗಲೋರ್ ಎಂಬುದು ಎಲ್ಲ ಭಾಷೆಗಳಲ್ಲಿಯೂ ಬೆಂಗಳೂರೇ ಆಗಲಿ, ಇತರ ಊರುಗಳೂ ಕನ್ನಡಿಗರ ಉಚ್ಚಾರದಂತೆ ಆಗಲಿ ಎಂದು ಸೂಚಿಸಿದರು. ಕೇಂದ್ರದ ಒಪ್ಪಿಗೆ ದೊರೆಯಲು ಒಂಬತ್ತು ವರ್ಷ ಹಿಡಿಯಿತು. 2014ರ ನವೆಂಬರ್ 1ರಿಂದ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಬಳ್ಳಾರಿ, ಶಿವಮೊಗ್ಗ, ಕಲಬುರಗಿ, ವಿಜಯಪುರ, ತುಮಕೂರು, ಹೊಸಪೇಟೆ, ಚಿಕ್ಕಮಗಳೂರು ಎಂಬ ಹೆಸರುಗಳು ಅಧಿಕೃತವಾದವು. ಸಲಹೆಯಿತ್ತ ಅನಂತಮೂರ್ತಿಯವರು ಅದಕ್ಕೆ ಕೇವಲ ಎರಡು ತಿಂಗಳು ಮೊದಲು, ಆಗಸ್ಟ್ 22ರಂದು, ನಿಧನರಾಗಿದ್ದರು.

ಹೆಸರು ಬದಲಾದರೆ ಹೊಟ್ಟೆ ತುಂಬುವುದೇ ಎಂದು ಕೇಳುವವರಿದ್ದಾರೆ. ತುಂಬದು. ಆದರೆ ಮನೆಯಲ್ಲಿ ತಾಯಿ ಕರೆಯುವ ಹೆಸರಿನಿಂದಲೇ ಹೊರಗಿನವರೂ ನಮ್ಮನ್ನು ಕರೆಯಬೇಕೆಂದು ಬಯಸುವುದು ಸಹಜವಾದ ಸ್ವಾಭಿಮಾನ. 2019ರಲ್ಲಿ ಹೈದರಾಬಾದ ಕರ್ನಾಟಕಕ್ಕೆ 'ಕಲ್ಯಾಣ ಕರ್ನಾಟಕ' ಎಂಬ ಹೆಸರು ಬಂದಾಗ ಆ ಭಾಗದ ಜನಕ್ಕೆ ಆದ ಹರ್ಷಕ್ಕೂ ಇದೇ ಕಾರಣ.

ತೀರಿಸಬೇಕಾದ ಋಣ

ಹೆಸರಿನೊಡನೆ ಹೊಣೆಯೂ ಬರುತ್ತದೆ. ಕಲ್ಯಾಣವೆಂಬುದು ಊರಿನ ಹೆಸರಷ್ಟೇ ಅಲ್ಲ, ಅದಕ್ಕೆ ಲೇಸು ಎಂಬ ಅರ್ಥವೂ ಇದೆ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ ಪ್ರಾದೇಶಿಕ ಅಸಮತೋಲನವನ್ನು ಅಳೆದು ವರದಿ ಕೊಟ್ಟಿತು. ಆಗಿದ್ದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆಯೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆಯೆಂದೂ ಅದು ಗುರುತಿಸಿತು. ಆ 39ರಲ್ಲಿ 21 ತಾಲೂಕುಗಳು ಕಲಬುರಗಿ ವಿಭಾಗಕ್ಕೇ ಸೇರಿದ್ದವು. ನಾಡು ಕೂಡಿ ನಲವತ್ತಾರು ವರ್ಷಗಳಾದ ಮೇಲಿನ ಲೆಕ್ಕವಿದು. ಆ ಭಾಗಕ್ಕಾಗಿ ಸಂವಿಧಾನಕ್ಕೆ 371ಜೆ ವಿಧಿಯನ್ನು ಸೇರಿಸಲಾಯಿತು. ಶಿಕ್ಷಣದಲ್ಲಿ, ಉದ್ಯೋಗದಲ್ಲಿ ಅಲ್ಲಿಯವರಿಗೆ ಮೀಸಲಾತಿ, ಅಭಿವೃದ್ಧಿಗೆ ಪ್ರತ್ಯೇಕ ಮಂಡಳಿ ದೊರೆತವು. 1956ರಲ್ಲಿ ಕೆಲವರು ಕೇಳಿದ್ದ ಪ್ರಶ್ನೆ, ಬರಗಾಲದ ಸೀಮೆಯ ಭಾರವನ್ನು ಹೊರುವವರಾರು ಎಂಬುದು, ಇಂದಿಗೂ ಉತ್ತರವನ್ನು ಬೇಡುತ್ತಿದೆ. ಒಂದು ಮನೆಯಲ್ಲಿ ಒಬ್ಬ ತಮ್ಮ ಸೊರಗಿರುವಾಗ ಉಳಿದ ಅಣ್ಣಂದಿರು 'ನಮ್ಮ ಪಾಲು ನಮಗೆ' ಎಂದರೆ ಅದು ಕೂಡು ಕುಟುಂಬವೆನಿಸೀತೇ? ಉತ್ತರವು ಸರಕಾರದಿಂದ ಮಾತ್ರವಲ್ಲ, ದಾಸೋಹವನ್ನು ಬಲ್ಲ ಸಮಾಜದಿಂದಲೂ ಬರಬೇಕು.

ಭಾಷೆಯ ಋಣವೂ ಇದೆ. 2008ರ ಅಕ್ಟೋಬರ್ 31ರಂದು, ರಾಜ್ಯೋತ್ಸವದ ಮುನ್ನಾದಿನ, ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಘೋಷಣೆಯಾಯಿತು. ಆ ಸಂತೋಷ ನಮ್ಮದೇ. ಆದರೆ ಮರಾಠಿ ಶಾಲೆಯ ಜಾಗದಲ್ಲಿ ಕನ್ನಡ ಶಾಲೆಯನ್ನು ತೆರೆಯಲು ಡೆಪ್ಯೂಟಿ ಚನ್ನಬಸಪ್ಪನವರು ಊರೂರು ಅಲೆದರೆಂಬುದನ್ನು ನೆನೆದು ನಮ್ಮ ಮನೆಯ ಕಡೆ ನೋಡಿದರೆ ಏನು ಕಾಣುತ್ತದೆ? ಅಜ್ಜ ಓದುವ ಈ ಮಾಸಪತ್ರಿಕೆಯನ್ನು ಮೊಮ್ಮಗ ಓದಲಾರ. ಅಕ್ಷರ ಬಾರದೆಂದಲ್ಲ, ಕನ್ನಡದ ಅಕ್ಷರವನ್ನು ನಾವು ಕಲಿಸಲಿಲ್ಲವೆಂದು. ಅನ್ಯ ಭಾಷೆಯನ್ನು ಕಲಿಯುವುದು ತಪ್ಪಲ್ಲ, ಅನ್ನಕ್ಕೆ ಅದು ಬೇಕು. ಅದಕ್ಕಾಗಿ ತಾಯ್ನುಡಿಯನ್ನು ಬಿಡಬೇಕಾಗಿಲ್ಲ. ಅದರಗುಂಚಿಯಲ್ಲಿ ಇಪ್ಪತ್ತಮೂರು ದಿನ ಅನ್ನ ಬಿಟ್ಟವರ ನಾಡಿನಲ್ಲಿ ದಿನಕ್ಕೆ ಒಂದು ಪುಟ ಕನ್ನಡವನ್ನು ಮಕ್ಕಳಿಂದ ಓದಿಸುವುದು ನಮಗೆ ಭಾರವಾಗಬಾರದು.

ಆದುದರಿಂದ ಓದುಗ ಬಂಧುಗಳಲ್ಲಿ ಒಂದು ವಿನಂತಿ. 1956ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ಎಂಬತ್ತರ ಅಂಚಿನಲ್ಲಿದ್ದಾರೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಅಂಥ ಹಿರಿಯರು ಇರಬಹುದು. ಬರುವ ನವೆಂಬರ್ ಒಂದರಂದು ಮೆರವಣಿಗೆ ಮುಗಿದ ಮೇಲೆ ಮಕ್ಕಳನ್ನು ಅವರ ಬಳಿ ಕೂರಿಸಿರಿ. ಆ ದಿನ ಊರಿನಲ್ಲಿ ಏನು ನಡೆಯಿತು, ಯಾವ ಶಾಲೆಯಲ್ಲಿ ಯಾವ ಭಾಷೆಯಿತ್ತು, ಯಾರು ಉಪವಾಸ ಕುಳಿತರು, ಗಡಿಯ ಆಚೆ ಉಳಿದ ಬೀಗರಾರು ಎಂದು ಕೇಳಿಸಿರಿ. ಕೇಳಿದ್ದನ್ನು ಕನ್ನಡದಲ್ಲಿ ಬರೆಯಿಸಿರಿ. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ. ಆ ಹಿರಿಯರು ನಮ್ಮನ್ನು ಅಗಲಿದ ಮೇಲೆ ಕೇಳೋಣವೆಂದರೆ ಹೇಳುವವರು ಇರುವುದಿಲ್ಲ.

ಹಾಗೆ ಬರೆದ ಒಂದು ಪುಟ ಮನೆಯಲ್ಲಿ ಉಳಿದರೆ, "ಅಜ್ಜಾ, ಈ ಹಬ್ಬ ಇದೇ ದಿನ ಏಕೆ?" ಎಂಬ ಪ್ರಶ್ನೆಗೆ ಆ ಮಗುವೇ ಮುಂದೊಂದು ದಿನ ತನ್ನ ಮೊಮ್ಮಕ್ಕಳಿಗೆ ಉತ್ತರ ಹೇಳಬಲ್ಲದು.